‘ಅಡಿಯಲ್ಲಿ’ ಎಂಬ ಒಂದು ಪದ: ಸ್ಮಾರಕ ಕಾಯ್ದೆಯೊಳಗಿನ ಅಧಿಕಾರದ ಹಾದಿ

ಮೂರು ವರ್ಷದ ಹಿಂದಿನ ಮಾತು. ನಮ್ಮ ಅಜ್ಜಿಯ ಊರಿನ ಪಕ್ಕದ ಹಳ್ಳಿಯಲ್ಲಿ ಒಂದು ಬರಹದ ಕಲ್ಲು ಇದೆ ಅಂತ ಸ್ನೇಹಿತರೊಬ್ಬರು ಹೇಳಿದ್ದರು. ಒಂದು ಭಾನುವಾರ ಬ್ರಷ್, ನೀರಿನ ಬಾಟಲಿ, ಟಾರ್ಚ್ ಹಿಡ್ಕೊಂಡು ಹೋದೆ. ಕಲ್ಲು ಕೆರೆ ಏರಿಯ ಕೆಳಗೆ ಅರ್ಧ ಹೂತು ನಿಂತಿತ್ತು. ಪಕ್ಕದಲ್ಲೇ ಚರಂಡಿ ಕಾಮಗಾರಿಗೆ ಸುಣ್ಣದ ಗೆರೆ ಎಳೆದಿದ್ದರು, ಗೆರೆ ಸರಿಯಾಗಿ ಕಲ್ಲಿನ ಮೇಲೇ ಹಾದುಹೋಗಿತ್ತು. ಓರೆ ಬೆಳಕು ಬಿಟ್ಟು ನೋಡಿದಾಗ ಹತ್ತು ಸಾಲು ಓದೋಕೆ ಸಿಕ್ಕವು. ಕೆರೆ ಕಟ್ಟಿಸಿದವನಿಗೆ ಕೊಟ್ಟ ಕಟ್ಟುಕೊಡಗಿ ಗದ್ದೆಯ ವಿಷಯ. ಕೊನೆಯ ಸಾಲುಗಳು ಮಣ್ಣಿನೊಳಗೆ.

ಮಾರನೇ ದಿನ ರಜೆ ಹಾಕಿ, ಫೋಟೋ ಪ್ರಿಂಟ್ ತಗೊಂಡು ಒಂದು ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ. ಕೂರಿಸಿ ಕಾಫಿ ಕೊಟ್ಟರು, ಫೋಟೋ ಪೂರ್ತಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕೆ ಅಧಿಸೂಚನೆ ಆಗಿದೆಯಾ ಸಾರ್?”

“ಶಾಸನ ಇದು, ಏಳೆಂಟು ನೂರು ವರ್ಷ ಹಳೇದು” ಅಂದೆ.

“ಅದು ಸರಿ. ಆದ್ರೆ ಅಧಿಸೂಚನೆ ಇಲ್ಲದೆ ನಾನು ಕಾಮಗಾರಿ ನಿಲ್ಲಿಸೋಕೆ ಆಗಲ್ಲ.”

ಅವತ್ತು ನನಗೆ ಸಿಟ್ಟು ಬಂದಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದರೆ ಆ ಮನುಷ್ಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಯ್ದೆ ಮಾಡಿದ್ದು ಸಂಸತ್ತು, ವಿಧಾನಮಂಡಲ. ಆದರೆ ಯಾವ ಕಲ್ಲು ‘ಸ್ಮಾರಕ’, ಯಾವುದು ಬರೀ ಕಲ್ಲು ಅಂತ ತೀರ್ಮಾನ ಮಾಡೋದು ಒಂದು ಅಧಿಸೂಚನೆ. ಆ ಅಧಿಸೂಚನೆ ಹೊರಡಿಸೋದು ಶಾಸಕಾಂಗ ಅಲ್ಲ, ಕಾರ್ಯಾಂಗ. ಈ ಅಧಿಕಾರ ಅಲ್ಲಿಂದ ಇಲ್ಲಿಗೆ ಹೇಗೆ ಬಂತು? ಅವತ್ತಿನಿಂದ ಶಾಸನ ಓದೋ ಹುಚ್ಚಿನ ಜೊತೆಗೆ ಗೆಜೆಟ್ ಓದೋ ಹುಚ್ಚೂ ಹಿಡೀತು. ನಾನು ವಕೀಲ ಅಲ್ಲ, ವೃತ್ತಿಯಿಂದ ಇಂಜಿನಿಯರ್. ಶಾಸನ ಓದೋ ಕ್ರಮದಲ್ಲೇ ಕಾಯ್ದೆಯನ್ನೂ ಓದಿದ್ದೇನೆ. ಯಾರು ಹೊರಡಿಸಿದರು, ಯಾವಾಗ, ಯಾರಿಗೆ, ಎಲ್ಲೆ ಯಾವುದು, ಮೀರಿದರೆ ಏನು, ಇಷ್ಟೇ.

ಎರಡು ಅರ್ಥದ ಒಂದು ಮಾತು

ನಮ್ಮ ಭಾಷೆಯಲ್ಲಿ ಕಲ್ಲಿನ ಮೇಲಿನ ಬರಹಕ್ಕೂ ಶಾಸನ ಅಂತೀವಿ, ವಿಧಾನಸೌಧದಲ್ಲಿ ಪಾಸಾಗೋ ಕಾನೂನಿಗೂ ಶಾಸನ ಅಂತೀವಿ. ಶಾಸಕ, ಶಾಸಕಾಂಗ ಎಲ್ಲ ಅದೇ ಬೇರಿನವು. ಶಾಸನಸಭೆ ತಾನೇ ಮಾಡದೆ, ತನ್ನ ಕಾಯ್ದೆಯ ಬಲದಿಂದ ಸರ್ಕಾರದ ಕೈಲಿ ಮಾಡಿಸೋ ನಿಯಮ, ಅಧಿಸೂಚನೆ, ಉಪವಿಧಿಗಳಿಗೆ ‘ಅಧೀನ ಶಾಸನ’ ಅನ್ನೋ ಹೆಸರಿದೆ. ಸಂವಿಧಾನದ 13ನೇ ವಿಧಿಯಲ್ಲಿ ‘ಕಾನೂನು’ ಅಂದರೆ ಏನೇನು ಸೇರುತ್ತೆ ಅಂತ ಪಟ್ಟಿ ಇದೆ. ಅದರಲ್ಲಿ ಸುಗ್ರೀವಾಜ್ಞೆ, ಆದೇಶ, ಉಪವಿಧಿ, ನಿಯಮ, ವಿನಿಯಮ, ಅಧಿಸೂಚನೆ ಎಲ್ಲ ಇವೆ. ಅಂದರೆ ಕಚೇರಿಯ ಸಹಿ ಬಿದ್ದ ಒಂದು ಹಾಳೆಯೂ, ಅದರ ಹಿಂದೆ ಸರಿಯಾದ ಅಧಿಕಾರ ಇದ್ದರೆ, ಕಾನೂನೇ.

ಹಳೆಯ ಶಾಸನಗಳಲ್ಲೂ ಇಂಥ ಪದರಗಳು ಕಾಣ್ತವೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಂಬದ ಶಾಸನ ಬಹಳ ಓದುಗರಿಗೆ ಗೊತ್ತಿರುತ್ತೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು ಕ್ರಿ.ಶ. 725ರ ಹೊತ್ತಿಗೆ ಪೊರಿಗೆರೆಯ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಕೊಟ್ಟ ‘ಆಚಾರವ್ಯವಸ್ಥೆ’ ಅದು. ರಾಜಪುರುಷರು ಏನು ಕಾಪಾಡಬೇಕು, ಊರಿನವರು ಮನೆಯ ಅಂತಸ್ತಿಗೆ ತಕ್ಕ ಹಾಗೆ ಎಷ್ಟು ತೆರಬೇಕು ಅಂತ ಅದರಲ್ಲಿದೆ. ಮೇಲಿನವನು ಚೌಕಟ್ಟು ಹಾಕಿದ, ದಿನದಿನದ ನಿರ್ವಹಣೆ ಊರಿನ ಸಂಸ್ಥೆಗಳಿಗೆ ಬಿಟ್ಟ.

ತಮಿಳುನಾಡಿನ ಉತ್ತರಮೇರೂರಿನದು ಇನ್ನೂ ಸ್ವಾರಸ್ಯ. ಚೋಳ ಮೊದಲನೇ ಪರಾಂತಕನ 12ನೇ ಆಳ್ವಿಕೆಯ ವರ್ಷದಲ್ಲಿ (ಸುಮಾರು 919) ಅಲ್ಲಿನ ಸಭೆ ರಾಜಾಜ್ಞೆಯ ಮೇರೆಗೆ, ಅರಸನ ಅಧಿಕಾರಿಯನ್ನು ಜೊತೆಗೆ ಕೂರಿಸ್ಕೊಂಡು, ಕೆರೆ, ತೋಟ ಮುಂತಾದ ವಾರಿಯಗಳಿಗೆ ಅಂದರೆ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ನಿಯಮ ಮಾಡ್ತು. ಎರಡೇ ವರ್ಷಕ್ಕೆ, 14ನೇ ವರ್ಷದಲ್ಲಿ (921), ಅದೇ ಸಭೆ ಕೂತು ಆ ನಿಯಮಗಳನ್ನು ತಿದ್ದಿ ಇನ್ನಷ್ಟು ಬಿಗಿ ಮಾಡ್ತು. ಎರಡನೇ ಶಾಸನದಲ್ಲಿ ಸದಸ್ಯನ ವಯಸ್ಸು 35ರಿಂದ 70ರೊಳಗೆ ಅಂತಿದೆ. ಲೆಕ್ಕ ಒಪ್ಪಿಸದವನು, ಅವನ ಬಂಧುಗಳು ಅನರ್ಹರು. ತಿದ್ದುಪಡಿಯನ್ನೂ ಗೋಡೆಯ ಮೇಲೇ ಕೆತ್ತಿಸಿದರು. ಹಳೇದು, ಹೊಸದು ಎರಡೂ ಇವತ್ತಿಗೂ ಓದಬಹುದು.

ಇವನ್ನು ತೋರಿಸಿ ‘ನಮ್ಮಲ್ಲಿ ಆಗಲೇ ಪಾರ್ಲಿಮೆಂಟ್ ಇತ್ತು’ ಅಂತ ಹೇಳೋರ ಗುಂಪಿಗೆ ನಾನು ಸೇರಿದವನಲ್ಲ. ಆ ಸಭೆಯಲ್ಲಿ ಕೂರಲು ತೆರಿಗೆ ಕಟ್ಟುವ ಸ್ವಂತ ಜಮೀನು ಬೇಕಿತ್ತು, ವೇದ ಓದಿರಬೇಕಿತ್ತು. ಅದು ಒಂದು ಬ್ರಾಹ್ಮಣ ಅಗ್ರಹಾರದ ಸಭೆ. ನಾನು ಹೇಳ್ತಿರೋದು ತಂತ್ರದ ಬಗ್ಗೆ ಮಾತ್ರ. ಮೇಲಿನವರು ಎಲ್ಲವನ್ನೂ ತಾವೇ ಬರೆಯೋಕೆ ಆಗಲ್ಲ. ಕೆಳಗಿನವರಿಗೆ ಬಿಟ್ಟುಕೊಡ್ಬೇಕು. ಬಿಟ್ಟುಕೊಟ್ಟದ್ದು ಎಷ್ಟು, ಬರೆದದ್ದು ಎಲ್ಲಿದೆ, ಕೇಳುವವರು ಯಾರು ಅನ್ನೋದು ಆಗಲೂ ಪ್ರಶ್ನೆ, ಈಗಲೂ ಪ್ರಶ್ನೆ.

1951: ಸಂಸತ್ತೇ ಕೂತು ಪಟ್ಟಿ ಬರೆದ ಕಾಲ

ಸ್ಮಾರಕಗಳ ವಿಷಯಕ್ಕೆ ಬರೋಣ. ಬ್ರಿಟಿಷರ ಕಾಲದಲ್ಲಿ, ಕರ್ಜನ್ ವೈಸರಾಯ್ ಆಗಿದ್ದಾಗ, 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ‘ಸಂರಕ್ಷಿತ ಸ್ಮಾರಕ’ ಅಂತ ಘೋಷಿಸ್ತಿತ್ತು. 1950ರಲ್ಲಿ ಸಂವಿಧಾನ ಜಾರಿಯಾದಾಗ ಲೆಕ್ಕ ಬದಲಾಯ್ತು. ಕೇಂದ್ರ ಪಟ್ಟಿಯ 67ನೇ ನಮೂದು ಹೇಳಿದ್ದು: ಯಾವ ಸ್ಮಾರಕ ರಾಷ್ಟ್ರೀಯ ಮಹತ್ವದ್ದು ಅಂತ ಸಂಸತ್ತು ಕಾನೂನಿನ ಮೂಲಕ ಘೋಷಿಸುತ್ತೋ ಅದು ಕೇಂದ್ರದ್ದು. ಸಂವಿಧಾನದ 49ನೇ ವಿಧಿ, ಅಂದರೆ ಇಂಥ ಸ್ಮಾರಕಗಳನ್ನು ಕಾಪಾಡೋದು ರಾಜ್ಯದ ಹೊಣೆ ಅನ್ನೋ ವಿಧಿ, ಅದರಲ್ಲೂ ಇದೇ ಮಾತು.

ಸಂಸತ್ತು. ಕಾನೂನಿನ ಮೂಲಕ. ಅಕ್ಷರಶಃ ತಗೊಂಡರೆ ಇದರ ಅರ್ಥ ಏನು? ಪ್ರತಿ ಹೊಸ ದೇವಸ್ಥಾನ, ಕೋಟೆ, ಶಾಸನವನ್ನು ಸೇರಿಸೋಕೆ ಒಂದು ಮಸೂದೆ, ಎರಡೂ ಸದನದ ಒಪ್ಪಿಗೆ, ರಾಷ್ಟ್ರಪತಿಗಳ ಅಂಕಿತ.

1951ರಲ್ಲಿ ಆದದ್ದು ಅದೇ. ರಾಷ್ಟ್ರೀಯ ಮಹತ್ವದ ಘೋಷಣೆಗೆ ಅಂತಲೇ ಒಂದು ಕಾಯ್ದೆ ಮಾಡಿದರು. ಅದರ ಅನುಸೂಚಿಯಲ್ಲಿ 1904ರ ಕಾಯ್ದೆಯ ಕೆಳಗೆ ಆಗಲೇ ಘೋಷಣೆಯಾಗಿದ್ದವನ್ನು ಒಟ್ಟಾಗಿ ಸೇರಿಸ್ಕೊಂಡರು. ಮೈಸೂರು, ಹೈದರಾಬಾದ್ ಮುಂತಾದ ‘ಬಿ’ ವರ್ಗದ ರಾಜ್ಯಗಳದ್ದನ್ನು ಹೆಸರು ಹಿಡಿದು ಪಟ್ಟಿ ಮಾಡಿದರು. ಈಗ ನಮ್ಮ ರಾಜ್ಯದಲ್ಲಿರುವ ಎಷ್ಟೋ ಸ್ಮಾರಕಗಳು ಹೀಗೆ ನೇರವಾಗಿ ಸಂಸತ್ತಿನ ಕಾಯ್ದೆಯ ಹೊಟ್ಟೆಯೊಳಗಿಂದ ಬಂದವು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲೂ 126ನೇ ಕಲಂ ಇದಕ್ಕೇ ಮೀಸಲು. ರಾಜ್ಯಗಳ ಗಡಿ ಹಾಕುವ ಅಷ್ಟು ದೊಡ್ಡ ಕಾಯ್ದೆಯ ಮಧ್ಯೆ ಸ್ಮಾರಕಗಳಿಗೆ ಒಂದು ಕಲಂ ತೂರಿಸಬೇಕಾಯ್ತು, ಯಾಕಂದರೆ ಬೇರೆ ದಾರಿ ಇರಲಿಲ್ಲ.

ಈ ಪದ್ಧತಿ ಎಷ್ಟು ದಿನ ನಡೀಬಹುದು ನೀವೇ ಯೋಚಿಸಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲೇ ಸುಮಾರು 9 ಸಾವಿರ ಶಾಸನಗಳಿವೆ. ಅದೂ ಹಳೇ ಮೈಸೂರು, ಕೊಡಗಿನ ಭಾಗದ್ದು ಮಾತ್ರ. ಇವುಗಳ ಹೆಸರನ್ನು ಒಂದೊಂದಾಗಿ ಲೋಕಸಭೆಯಲ್ಲಿ ಓದೋಕೆ ಶುರು ಮಾಡಿದರೆ ಬಜೆಟ್ ಮಂಡಿಸೋಕೆ ಸಮಯ ಉಳಿಯಲ್ಲ.

ನವೆಂಬರ್ 1ರಂದು ಸೇರಿದ ಪದ

ಸಂವಿಧಾನದ 7ನೇ ತಿದ್ದುಪಡಿ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ರಾಜ್ಯಗಳ ಪುನರ್ವಿಂಗಡಣೆ. 1956ರ ನವೆಂಬರ್ 1, ಕನ್ನಡ ನಾಡು ಒಂದಾದ ದಿನ. ಅದೇ ತಿದ್ದುಪಡಿಯಲ್ಲಿ, ಅದೇ ದಿನದಿಂದ, ಒಂದು ಸಣ್ಣ ಬದಲಾವಣೆಯೂ ಜಾರಿಗೆ ಬಂತು. 49ನೇ ವಿಧಿ ಮತ್ತು 67ನೇ ನಮೂದಿನಲ್ಲಿ ‘ಸಂಸತ್ತು ಕಾನೂನಿನ ಮೂಲಕ’ ಅಂತ ಇದ್ದದ್ದು, ‘ಸಂಸತ್ತಿನ ಕಾನೂನಿನ ಮೂಲಕ ಅಥವಾ ಅದರ ಅಡಿಯಲ್ಲಿ’ ಅನ್ನೋ ಅರ್ಥಕ್ಕೆ ತಿರುಗಿತು.

‘ಅಡಿಯಲ್ಲಿ’. ಶಾಸನ ಓದೋರಿಗೆ ಒಂದು ಅಕ್ಷರದ ಬೆಲೆ ಗೊತ್ತು. ಒಂದು ಒತ್ತಕ್ಷರ ತಪ್ಪಾಗಿ ಓದಿದರೆ ದಾನ ಕೊಟ್ಟವನು ದಾನ ತಗೊಂಡವನಾಗ್ತಾನೆ. ಇಲ್ಲೂ ಹಾಗೇ. ‘ಮೂಲಕ’ ಅಂದರೆ ಸಂಸತ್ತೇ ಮಾಡಬೇಕು. ‘ಅಡಿಯಲ್ಲಿ’ ಅಂದರೆ ಸಂಸತ್ತು ಒಂದು ಕಾಯ್ದೆ ಮಾಡಿ, ಅದರಲ್ಲಿ ಸರ್ಕಾರಕ್ಕೆ ಅಧಿಕಾರ ಕೊಟ್ಟರೆ, ಸರ್ಕಾರ ಅಧಿಸೂಚನೆಯಲ್ಲಿ ಘೋಷಿಸಿದರೆ ಸಾಕು. ಅವತ್ತಿಂದ ಮುಂದಿನ ಘೋಷಣೆಗಳ ಕೆಲಸ ಸದನದಿಂದ ಕಚೇರಿಗೆ ಹೋಯ್ತು. ನಾನು ಹೋಗಿದ್ದ ಕಚೇರಿಯ ಆ ಪ್ರಶ್ನೆಯ ಹಿಂದೆ ಇರೋದೂ ಇದೇ ಏರ್ಪಾಡು.

ಹಾಗಂತ ಸಂಸತ್ತು ತನ್ನ ಅಧಿಕಾರವನ್ನು ಎಷ್ಟು ಬೇಕಾದರೂ ಕೊಟ್ಟುಬಿಡಬಹುದಾ? ಈ ಪ್ರಶ್ನೆ ಹಳೇದು. 1878ರಲ್ಲಿ ಬುರಾ ಪ್ರಕರಣದಲ್ಲಿ ಗಾರೋ ಬೆಟ್ಟಗಳ ಕಾಯ್ದೆಯ ಬಗ್ಗೆ ಲಂಡನ್ನಿನ ಪ್ರಿವಿ ಕೌನ್ಸಿಲ್, ಕಾಯ್ದೆಯನ್ನು ಯಾವ ಪ್ರದೇಶಕ್ಕೆ ಯಾವಾಗ ಅನ್ವಯಿಸಬೇಕು ಅನ್ನೋದನ್ನು ಲೆಫ್ಟಿನೆಂಟ್ ಗವರ್ನರ್‌ಗೆ ಬಿಡಬಹುದು ಅಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ದೆಹಲಿ ಕಾನೂನುಗಳ ವಿಷಯ ಸುಪ್ರೀಂ ಕೋರ್ಟಿಗೆ ಬಂತು. ಸಂವಿಧಾನದ 143ನೇ ವಿಧಿಯಲ್ಲಿ ರಾಷ್ಟ್ರಪತಿಗಳು ಸಲಹೆ ಕೇಳಿದ ಮೊದಲ ಸಂದರ್ಭ ಅದು. ಏಳು ನ್ಯಾಯಮೂರ್ತಿಗಳು, ಏಳು ಪ್ರತ್ಯೇಕ ಅಭಿಪ್ರಾಯ. ಆದರೂ ಅದರಿಂದ ಒಂದು ತಿರುಳು ಉಳೀತು: ಶಾಸಕಾಂಗದ ಮುಖ್ಯ ಕೆಲಸ ನೀತಿ ನಿರ್ಧಾರ, ಅದನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ. ನೀತಿ ಹೇಳಿ, ಮಾನದಂಡ ಕೊಟ್ಟು, ವಿವರಗಳನ್ನು ಮಾತ್ರ ಬಿಡಬಹುದು. ಅಸ್ತಿತ್ವದಲ್ಲಿರೋ ಕಾನೂನನ್ನೇ ರದ್ದು ಮಾಡೋ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದ ಒಂದು ಭಾಗ ಅಲ್ಲಿ ಬಿದ್ದುಹೋಯ್ತು. 1959ರ ಡಿಸೆಂಬರ್‌ನಲ್ಲಿ ಹಮ್ದರ್ದ್ ದವಾಖಾನಾ ಪ್ರಕರಣದಲ್ಲೂ, ಜಾಹೀರಾತು ನಿಷೇಧಕ್ಕೆ ಯಾವ ರೋಗಗಳನ್ನು ಸೇರಿಸಬೇಕು ಅನ್ನೋದನ್ನು ಯಾವ ಮಾನದಂಡವೂ ಇಲ್ಲದೆ ಸರ್ಕಾರಕ್ಕೆ ಬಿಟ್ಟಿದ್ದ ಮಾತುಗಳನ್ನು ಕೋರ್ಟ್ ತೆಗೆದುಹಾಕಿತು.

ಇಂಜಿನಿಯರ್ ಭಾಷೆಯಲ್ಲಿ ಹೇಳೋದಾದರೆ, ಡಿಸೈನ್ ಕಚೇರಿ ಎಲ್ಲ ಮೊಳೆಯನ್ನೂ ಡ್ರಾಯಿಂಗ್‌ನಲ್ಲಿ ತೋರಿಸಲ್ಲ. ಸೈಟ್ ಇಂಜಿನಿಯರ್‌ಗೆ ಬಿಡ್ತಾರೆ. ಆದರೆ ಕಟ್ಟಡ ಎಷ್ಟು ಮಹಡಿ ಅನ್ನೋದನ್ನು ಸೈಟಿನಲ್ಲಿ ತೀರ್ಮಾನ ಮಾಡೋಕೆ ಬಿಡಲ್ಲ.

1958ರ ಕಾಯ್ದೆ ಓದಿದರೆ

ಪ್ರಾಚೀನ ಸ್ಮಾರಕ ಮತ್ತು ಪುರಾತತ್ತ್ವ ನಿವೇಶನಗಳ ಹಾಗೂ ಅವಶೇಷಗಳ ಕಾಯ್ದೆ, 1958. ನಮ್ಮಂಥೋರಿಗೆ ಖುಷಿ ಕೊಡೋ ಸಂಗತಿ 2ನೇ ಕಲಮಿನಲ್ಲೇ ಇದೆ. ‘ಪ್ರಾಚೀನ ಸ್ಮಾರಕ’ದ ವ್ಯಾಖ್ಯೆಯಲ್ಲಿ ಕಟ್ಟಡ, ಗುಹೆ, ಸಮಾಧಿಗಳ ಜೊತೆ ಶಾಸನ ಅನ್ನೋ ಪದವೂ ಇದೆ. ಐತಿಹಾಸಿಕ, ಪುರಾತತ್ತ್ವ ಅಥವಾ ಕಲೆಯ ಮಹತ್ವ ಇರಬೇಕು, ಕನಿಷ್ಠ 100 ವರ್ಷ ಹಳೇದಾಗಿರಬೇಕು. ಇದು ಸಂಸತ್ತು ಹಾಕಿಕೊಟ್ಟ ಮಾನದಂಡ.

4ನೇ ಕಲಂ ಅಧಿಕಾರ ಕೊಡುವ ಕಲಂ. ಒಂದು ಸ್ಮಾರಕ ರಾಷ್ಟ್ರೀಯ ಮಹತ್ವದ್ದು ಅಂತ ಕೇಂದ್ರ ಸರ್ಕಾರಕ್ಕೆ ಅನ್ನಿಸಿದರೆ ಗೆಜೆಟ್‌ನಲ್ಲಿ ಎರಡು ತಿಂಗಳ ನೋಟಿಸ್ ಕೊಡಬೇಕು. ಅದರ ಪ್ರತಿಯನ್ನು ಸ್ಮಾರಕದ ಹತ್ತಿರ ಎದ್ದುಕಾಣುವ ಜಾಗದಲ್ಲಿ ಅಂಟಿಸಬೇಕು. ಆಸಕ್ತರು ಆಕ್ಷೇಪಣೆ ಸಲ್ಲಿಸಬಹುದು. ಅದನ್ನು ಪರಿಶೀಲಿಸಿದ ಮೇಲೆ ಅಂತಿಮ ಘೋಷಣೆ. ಘೋಷಣೆ ಹೊರಟ ಮೇಲೆ ಆ ಅಧಿಸೂಚನೆಯೇ ನಿರ್ಣಾಯಕ ಸಾಕ್ಷ್ಯ. 35ನೇ ಕಲಂ ಇದರ ತಿರುಗುಮುರುಗು: ಮಹತ್ವ ಉಳಿದಿಲ್ಲ ಅನ್ನಿಸಿದರೆ ಇನ್ನೊಂದು ಅಧಿಸೂಚನೆಯಿಂದ ಪಟ್ಟಿಯಿಂದ ತೆಗೆಯೋದು.

38ನೇ ಕಲಂ ನಿಯಮ ಮಾಡುವ ಅಧಿಕಾರ. ಇಲ್ಲಿ ಎರಡು ಬೀಗ ಇವೆ. ಒಂದು, ನಿಯಮದ ಕರಡನ್ನು ಮೊದಲು ಪ್ರಕಟಿಸಬೇಕು. ಎರಡು, ನಿಯಮ ಆದ ಮೇಲೆ ಅದನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು. ಸದನಗಳು ಬೇಕಾದರೆ ತಿದ್ದಬಹುದು, ರದ್ದು ಮಾಡಬಹುದು. ಹೀಗೆ ಮಂಡನೆಯಾಗೋ ನಿಯಮಗಳನ್ನು ನೋಡೋಕೆ ಲೋಕಸಭೆಯಲ್ಲಿ 1953ರಿಂದ, ರಾಜ್ಯಸಭೆಯಲ್ಲಿ 1964ರಿಂದ ಅಧೀನ ಶಾಸನ ಸಮಿತಿ ಇದೆ. ನಮ್ಮ ಹಳೆಯ ದಾನಶಾಸನಗಳ ಕೊನೆಗೆ ‘ಇದನ್ನು ಅಳಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗ್ತಾನೆ’ ಅನ್ನೋ ಅರ್ಥದ ಶಾಪ ಇರುತ್ತಲ್ಲ, ಆ ಜಾಗದಲ್ಲಿ ಈಗ ಈ ಸಮಿತಿ ಇದೆ ಅಂತ ಇಟ್ಕೊಳ್ಳಿ. ಎರಡರಲ್ಲಿ ಯಾವುದಕ್ಕೆ ಜನ ಹೆಚ್ಚು ಹೆದರಿದರು ಅನ್ನೋದು ಬೇರೆ ಮಾತು.

‘ಹತ್ತಿರ’ ಅಂದರೆ ಎಷ್ಟು ಮೀಟರ್?

ಈಗ ನನಗೆ ಇಡೀ ವಿಷಯ ಅರ್ಥ ಮಾಡಿಸಿದ ಭಾಗಕ್ಕೆ ಬರ್ತೀನಿ. 38ನೇ ಕಲಮಿನಲ್ಲಿ ಸರ್ಕಾರ ಯಾವ ಯಾವ ವಿಷಯಕ್ಕೆ ನಿಯಮ ಮಾಡಬಹುದು ಅನ್ನೋ ಪಟ್ಟಿ ಇದೆ. ಅದರಲ್ಲಿ ಒಂದು: ಸಂರಕ್ಷಿತ ಸ್ಮಾರಕದ ಹತ್ತಿರ ಗಣಿಗಾರಿಕೆ, ಕಲ್ಲು ತೆಗೆಯೋದು, ಸ್ಫೋಟ, ಮತ್ತು ಸ್ಮಾರಕಕ್ಕೆ ಹೊಂದಿಕೊಂಡ ಜಮೀನಿನಲ್ಲಿ ಕಟ್ಟಡ ಕಟ್ಟೋದನ್ನು ನಿಷೇಧಿಸೋದು ಅಥವಾ ನಿಯಂತ್ರಿಸೋದು. ‘ಹತ್ತಿರ’ ಅಂದರೆ ಎಷ್ಟು? ‘ಹೊಂದಿಕೊಂಡ’ ಅಂದರೆ ಎಲ್ಲಿಯವರೆಗೆ? 1958ರಲ್ಲಿ ಸಂಸತ್ತು ಹೇಳಲಿಲ್ಲ. ಡ್ರಾಯಿಂಗ್‌ನಲ್ಲಿ ಅಳತೆ ಬದಲು ‘ಹತ್ತಿರ’ ಅಂತ ಬರೆದು ಕೊಟ್ಟರೆ ನಮ್ಮ ಕಡೆ ಕಂಟ್ರಾಕ್ಟರ್ ಹಬ್ಬ ಮಾಡ್ತಾನೆ.

1959ರಲ್ಲಿ ನಿಯಮಗಳು ಬಂದವು. ಅವುಗಳಲ್ಲೂ ಸಂಖ್ಯೆ ಇಲ್ಲ, ವಿಧಾನ ಇದೆ. ಸ್ಮಾರಕದ ಪಕ್ಕದ ಪ್ರದೇಶವನ್ನು ‘ನಿಷೇಧಿತ’ ಅಥವಾ ‘ನಿಯಂತ್ರಿತ’ ಅಂತ ಸರ್ಕಾರ ನೋಟಿಸ್ ಕೊಟ್ಟು, ಆಕ್ಷೇಪಣೆ ಕೇಳಿ, ಘೋಷಿಸಬಹುದು. ಸಂಖ್ಯೆ ಬಂದದ್ದು ಮೂರನೇ ಮೆಟ್ಟಿಲಲ್ಲಿ, 1992ರ ಜೂನ್ 16ರ ಅಧಿಸೂಚನೆಯಲ್ಲಿ. ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಅಂದರೆ ಕಾಯ್ದೆಯ ಒಂದು ಪದಕ್ಕೆ ಅಳತೆ ಸಿಗೋಕೆ 34 ವರ್ಷ ಹಿಡೀತು.

ಇಲ್ಲಿಯವರೆಗೆ ಸರಪಳಿ ಸರಿಯಾಗಿದೆ. ಕಾಯ್ದೆಯಿಂದ ನಿಯಮ, ನಿಯಮದಿಂದ ಅಧಿಸೂಚನೆ. ತೊಂದರೆ ಆದದ್ದು ನಾಲ್ಕನೇ ಮೆಟ್ಟಿಲಲ್ಲಿ. 2006ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ಒಂದು ತಜ್ಞರ ಸಲಹಾ ಸಮಿತಿ ಆಯ್ತು. ನಿಷೇಧಿತ 100 ಮೀಟರ್ ಒಳಗೇ ಕಟ್ಟಡ ಕಟ್ಟೋಕೆ ಅರ್ಜಿ ಬಂದರೆ ಸಮಿತಿ ನೋಡೋದು, ಅದರ ಶಿಫಾರಸಿನ ಮೇಲೆ ಅನುಮತಿ ಕೊಡೋದು ಶುರುವಾಯ್ತು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಕೊಡೋಕೆ ನಿಯಮ ಇತ್ತು. ನಿಷೇಧಿತ ಪ್ರದೇಶದಲ್ಲಿ ಕೊಡೋಕೆ? 2009ರ ಅಕ್ಟೋಬರ್ 30ರಂದು ದೆಹಲಿ ಹೈಕೋರ್ಟ್ ಕೊಟ್ಟ ಉತ್ತರ: ಅಂಥ ಅಧಿಕಾರವೇ ಇಲ್ಲ. ಸಮಿತಿಗೆ ಕಾಯ್ದೆಯಲ್ಲೂ ನಿಯಮದಲ್ಲೂ ಬೇರಿಲ್ಲ. ಮೇಲಿನವರು ಕೊಡದೇ ಇರೋ ಅಧಿಕಾರವನ್ನು ಕೆಳಗಿನವರು ಚಲಾಯಿಸಿದ ಹಾಗಾಯ್ತು.

ಒಂದೇ ತೀರ್ಪಿನಿಂದ ಅಲ್ಲಿಯವರೆಗೆ ಕೊಟ್ಟ ಅನುಮತಿಗಳೆಲ್ಲ ತೂಗಾಡಿದವು. 2010ರ ಜನವರಿಯಲ್ಲಿ ಸುಗ್ರೀವಾಜ್ಞೆ, ಮಾರ್ಚ್‌ನಲ್ಲಿ ತಿದ್ದುಪಡಿ ಮತ್ತು ಸಿಂಧುಗೊಳಿಸುವ ಕಾಯ್ದೆ. ಸಂಸತ್ತು ಅಲ್ಲಿ ಮಾಡಿದ್ದನ್ನು ಗಮನಿಸಿ. ಸಮಿತಿಯ ಶಿಫಾರಸಿನ ಮೇಲೆ ಕೊಟ್ಟಿದ್ದ ಹಳೇ ಅನುಮತಿಗಳನ್ನು ಕೆಲವು ಷರತ್ತಿನೊಂದಿಗೆ ಊರ್ಜಿತ ಮಾಡ್ತು. ಜೊತೆಗೆ 100 ಮತ್ತು 200 ಅನ್ನೋ ಸಂಖ್ಯೆಗಳನ್ನು ಅಧಿಸೂಚನೆಯಿಂದ ಎತ್ತಿ ಕಾಯ್ದೆಯೊಳಗೇ ಇಟ್ಟಿತು, 20ಎ ಮತ್ತು 20ಬಿ ಕಲಮುಗಳಾಗಿ, 1992ರ ಜೂನ್ 16ರಿಂದಲೇ ಇದ್ದವು ಅನ್ನೋ ಹಾಗೆ. ನಿಷೇಧಿತ ಪ್ರದೇಶದಲ್ಲಿ ಇನ್ನು ಮುಂದೆ ಸಾರ್ವಜನಿಕ ಯೋಜನೆಗೂ ಅನುಮತಿ ಇಲ್ಲ ಅಂತ ಬರೀತು. ದಂಡನೆ ಮೂರು ತಿಂಗಳ ಸೆರೆಯಿಂದ ಎರಡು ವರ್ಷಕ್ಕೆ, ದಂಡ 5 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿತು. ಕೊಟ್ಟದ್ದನ್ನು ವಾಪಸ್ ತಗೊಳ್ಳೋದು ಅಂದರೆ ಇದು.

ಹಾಗೇ ಇನ್ನೊಂದು ಕಡೆ ಹೊಸದಾಗಿ ಕೊಟ್ಟಿತು ಕೂಡ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಹುಟ್ಟಿತು. ಪ್ರತಿ ಸ್ಮಾರಕಕ್ಕೂ ಅದರದ್ದೇ ಪಾರಂಪರಿಕ ಉಪವಿಧಿ ಮಾಡಬೇಕು, ಕಟ್ಟಡದ ಎತ್ತರ, ಮುಂಭಾಗ, ಚರಂಡಿ, ರಸ್ತೆ ಎಲ್ಲ ಅದರಲ್ಲಿ ಬರಬೇಕು, ಪ್ರಾಧಿಕಾರ ಒಪ್ಪಿದ ಮೇಲೆ ಪ್ರತಿಯನ್ನು ಸಂಸತ್ತಿನ ಮುಂದೆ ಇಡಬೇಕು ಅಂತ 20ಇ ಕಲಂ ಹೇಳ್ತದೆ.

ಕಾಯ್ದೆಯೊಳಗೆ ಸಂಖ್ಯೆ ಇಟ್ಟರೆ ಒಳ್ಳೇದಾ?

ಪರಂಪರೆ ಪ್ರೇಮಿಗಳಾಗಿ ನಮಗೆ ‘ಸಂಸತ್ತೇ ಬರೆದುಬಿಟ್ಟಿತು, ಇನ್ಯಾರೂ ಮುಟ್ಟೋಕಾಗಲ್ಲ’ ಅಂತ ಸಮಾಧಾನ ಆಗುತ್ತೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಐಹೊಳೆಗೆ ಹೋಗಿ ಬಂದ ಮೇಲೆ ಅಷ್ಟು ಸಲೀಸಾಗಿ ಹೇಳೋಕಾಗ್ತಿಲ್ಲ. ಅಲ್ಲಿ ಗುಡಿಗಳ ಮಧ್ಯೆ ಮನೆ, ಮನೆಗಳ ಮಧ್ಯೆ ಗುಡಿ. ವಿಜಯಪುರದಲ್ಲಿ, ಬಾದಾಮಿಯಲ್ಲಿ, ಶ್ರೀರಂಗಪಟ್ಟಣದಲ್ಲಿ ಊರೇ ಸ್ಮಾರಕಗಳ ಸುತ್ತ ಬೆಳೆದಿದೆ. ಗೋಳಗುಮ್ಮಟಕ್ಕೂ ಅದೇ 100 ಮೀಟರ್, ಹೊಲದ ಮಧ್ಯೆ ಒಂಟಿಯಾಗಿ ನಿಂತ ಒಂದು ಸಂರಕ್ಷಿತ ಗುಡಿಗೂ ಅದೇ 100 ಮೀಟರ್. ಮಗನ ಮದುವೆಗೆ ಒಂದು ಕೋಣೆ ಏರಿಸಬೇಕು ಅನ್ನೋ ಮನೆಯವರಿಗೆ ಇದು ಕಾನೂನಿನ ಸಿದ್ಧಾಂತ ಅಲ್ಲ, ನಿತ್ಯದ ತಲೆನೋವು. ದುರಸ್ತಿಗೂ ಅರ್ಜಿ ಹಾಕಬೇಕು. ಅಧಿಸೂಚನೆಯಲ್ಲಿದ್ದ ಸಂಖ್ಯೆಯನ್ನು ಸರ್ಕಾರ ಜಾಗ ನೋಡಿ ಬದಲಿಸಬಹುದಿತ್ತು. ಕಾಯ್ದೆಯಲ್ಲಿರೋ ಕನಿಷ್ಠ ಮಿತಿಯನ್ನು ಇಳಿಸೋಕೆ ಸಂಸತ್ತೇ ಬೇಕು. ಆ ದಾರಿ ಸುಲಭ ಅಲ್ಲ ಅನ್ನೋದಕ್ಕೆ ಉದಾಹರಣೆಯೂ ಇದೆ. ನಿಷೇಧಿತ ಪ್ರದೇಶದಲ್ಲಿ ಕೇಂದ್ರದ ಸಾರ್ವಜನಿಕ ಕಾಮಗಾರಿಗೆ ಅವಕಾಶ ಕೊಡೋ ಮಸೂದೆಯನ್ನು 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಅದು ಕಾಯ್ದೆ ಆಗಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಯಾವುದನ್ನು ಕಾಪಾಡಬೇಕು, ಯಾಕೆ, ಯಾವುದಕ್ಕೆ ರಿಯಾಯಿತಿ ಇಲ್ಲ ಅನ್ನೋದು ಕಾಯ್ದೆಯಲ್ಲಿರಲಿ. ಜಾಗಕ್ಕೆ ತಕ್ಕ ಅಳತೆ ಉಪವಿಧಿಯಲ್ಲಿರಲಿ. ಆದರೆ ಆ ಉಪವಿಧಿ ಬೇಗ ಆಗಬೇಕು, ಊರಿನವರನ್ನು ಕೇಳಿ ಆಗಬೇಕು, ಊರಿನವರ ಭಾಷೆಯಲ್ಲಿ ಸಿಗಬೇಕು. ಉತ್ತರಮೇರೂರಿನವರು ನಿಯಮವನ್ನು ಎಲ್ಲರೂ ಓಡಾಡುವ ಗುಡಿಯ ಗೋಡೆ ಮೇಲೆ, ಊರಿನ ಭಾಷೆಯಲ್ಲೇ ಕೆತ್ತಿಸಿದ್ದರು. ಈಗಿನ ಅಧಿಸೂಚನೆ ಯಾರ ಕಣ್ಣಿಗೆ ಬೀಳುತ್ತೆ?

ಪಟ್ಟಿಯಲ್ಲಿದ್ದ ಮಾತ್ರಕ್ಕೆ ಸ್ಮಾರಕ ಉಳಿಯುತ್ತೆ ಅಂತಲೂ ಇಲ್ಲ. 2013ರ ಸಿಎಜಿ ವರದಿಯಲ್ಲಿ, ಸ್ಥಳ ಪರಿಶೀಲನೆ ಮಾಡಿದ 1,655 ಸ್ಮಾರಕಗಳ ಪೈಕಿ 92 ಪತ್ತೆಯೇ ಆಗಲಿಲ್ಲ. 2024ರ ಮಾರ್ಚ್‌ನಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದ ಕೈಬಿಡೋ ಅಧಿಸೂಚನೆ ಹೊರಟಿತು. ಘೋಷಿಸೋ ಅಧಿಕಾರ ಕೊಟ್ಟ ಸಂಸತ್ತು, ಘೋಷಿಸಿದ್ದು ಇನ್ನೂ ಇದೆಯಾ ಅಂತಲೂ ಕೇಳ್ತಾ ಇರಬೇಕಲ್ವಾ?

ನಾವು ಮಾಡಬಹುದಾದ್ದು

ನಮ್ಮ ರಾಜ್ಯದಲ್ಲಿ ಕೇಂದ್ರದ ಪಟ್ಟಿಯಲ್ಲಿ ಸುಮಾರು 500 ಸ್ಮಾರಕಗಳಿವೆ. 1961ರ ರಾಜ್ಯ ಕಾಯ್ದೆಯ ಕೆಳಗೆ 800ಕ್ಕೂ ಹೆಚ್ಚು. ಇವುಗಳ ಆವರಣದೊಳಗೆ ಸಾವಿರಾರು ಶಾಸನಗಳು ಕ್ಷೇಮವಾಗಿವೆ, ನಿಜ. ಆದರೆ ಕೆರೆ ಏರಿ, ಹೊಲದ ಬದು, ಹಾಳು ಗುಡಿಗಳ ಹತ್ತಿರ ಇರೋ ಬಹುಪಾಲು ಬಿಡಿ ಕಲ್ಲುಗಳಿಗೆ ಯಾವ ಅಧಿಸೂಚನೆಯೂ ಇಲ್ಲ.

ಆದ್ದರಿಂದ ಒಂದು ವಿನಂತಿ. ಶಾಸನ ಓದೋ ಗೆಳೆಯರು ಅಧಿಸೂಚನೆಯನ್ನೂ ಓದೋದು ಕಲೀಬೇಕು. ಕಷ್ಟ ಏನಿಲ್ಲ, ತಾಮ್ರಪಟದ ಹಾಗೇ ಇರುತ್ತೆ. ಯಾವ ಕಲಮಿನ ಬಲದಿಂದ ಹೊರಡಿಸಿದ್ದು ಅಂತ ಮೊದಲ ಸಾಲಲ್ಲೇ ಇರುತ್ತೆ. ಆಮೇಲೆ ಜಿಲ್ಲೆ, ಊರು, ಸ್ಮಾರಕದ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ, ಯಾರ ಒಡೆತನ. ಕೊನೆಗೆ ಸಹಿ. ಮೊದಲ ಸಾಲಿನ ಕಲಂ ನಂಬರನ್ನು ಕಾಯ್ದೆ ಜೊತೆ ಹೋಲಿಸಿ ನೋಡಿ. ಆ ಕಲಂ ಅಷ್ಟು ಅಧಿಕಾರ ಕೊಟ್ಟಿದೆಯಾ? 2009ರಲ್ಲಿ ನ್ಯಾಯಾಲಯ ಮಾಡಿದ್ದೂ ಮೂಲತಃ ಈ ಹೋಲಿಕೆಯನ್ನೇ. ಉಪವಿಧಿಯ ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಕೊಡೋಕೆ ಸಮಯ ಇರುತ್ತೆ. ನಿಮ್ಮ ಊರಿನ ಗುಡಿಯದ್ದು ಬಂದರೆ ಎರಡು ಪುಟ ಬರೆದು ಕಳಿಸಿ. ಅಲ್ಲಿರೋ ಶಾಸನಗಳ ಪಟ್ಟಿಯನ್ನೂ ಲಗತ್ತಿಸಿ. ಕರಡು ಬರೆಯೋರಿಗೆ ಆ ಮಾಹಿತಿ ಎಷ್ಟೋ ಸಲ ಇರಲ್ಲ.

ನಮ್ಮ ಕಟ್ಟುಕೊಡಗಿ ಕಲ್ಲಿನ ಕಥೆ ಹೇಳಿ ಮುಗಿಸ್ತೀನಿ. ಅಧಿಸೂಚನೆ ಇವತ್ತಿಗೂ ಆಗಿಲ್ಲ, ಅರ್ಜಿ ಕೊಟ್ಟಿದ್ದೇನೆ. ಆದರೆ ಅವತ್ತು ಕಚೇರಿಯಿಂದ ಸೀದಾ ಹಳ್ಳಿಗೆ ವಾಪಸ್ ಹೋಗಿ, ಅರಳಿಕಟ್ಟೆ ಮೇಲೆ ಕೂತಿದ್ದ ಹಿರಿಯರಿಗೆ ಆ ಹತ್ತು ಸಾಲನ್ನು ಓದಿ ಹೇಳಿದೆ. “ನಮ್ಮ ಕೆರೆ ಕಟ್ಟಿಸ್ದೋನ ಕಲ್ಲಾ ಸ್ವಾಮಿ ಇದು? ಇಷ್ಟು ದಿನ ಬಟ್ಟೆ ಒಗೀತಿದ್ವಲ್ಲ” ಅಂದರು ಒಬ್ಬರು. ಮುಂದಿನ ಗ್ರಾಮಸಭೆಯಲ್ಲಿ ಚರಂಡಿಯ ಗೆರೆಯನ್ನು ಆರು ಅಡಿ ಸರಿಸೋಕೆ ತೀರ್ಮಾನ ಆಯ್ತು, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಹೋದ ತಿಂಗಳು ಹೋಗಿದ್ದಾಗ ಕಲ್ಲಿನ ಬುಡದ ಮಣ್ಣು ಬಿಡಿಸಿದ್ದರು. ಮಣ್ಣಿನೊಳಗಿದ್ದ ಮೂರು ಸಾಲು ಈಗ ಕಾಣ್ತವೆ. ಎರಡು ಸಾಲಿನಲ್ಲಿ ಗದ್ದೆಯ ಎಲ್ಲೆ, ಒಂದರಲ್ಲಿ ಶಾಪ. ಪೂರ್ತಿ ಪಾಠವನ್ನು ಮುಂದಿನ ಬರಹದಲ್ಲಿ ಹಾಕ್ತೀನಿ.